ಅಪಾರ್ಟ್‌ಮೆಂಟಿನಲ್ಲಿ ನಾಯಿಮರಿ ಮನೆಯೊಳಗೇ ಉಚ್ಚೆ ಮಾಡುತ್ತೆ, ಹೊಡೆದರೆ ಕಲಿಯುತ್ತಾ?

ಐದನೇ ಮಹಡಿ, ಎರಡೂವರೆ ತಿಂಗಳ ಲ್ಯಾಬ್ ಮರಿ, ದಿನಕ್ಕೆ ಮೂರು ಸಲ ಕೆಳಗೆ ಕರೆದುಕೊಂಡು ಹೋದರೂ ಮೇಲೆ ಬಂದು ಹಾಲ್‌ನಲ್ಲೇ ಉಚ್ಚೆ. "ಬೇಕಂತಲೇ ಮಾಡುತ್ತೆ, ಎರಡೇಟು ಕೊಡಲಾ, ಉಚ್ಚೆ ಹೀರುವ ಪ್ಯಾಡ್ ಹಾಕಲಾ, ಇಲ್ಲಾ ಟ್ರೇನರ್ ಕರೆಸಲಾ" ಅಂತ ಕೇಳಿದ್ದೀರಿ. ದಯವಿಟ್ಟು ಹೊಡೆಯಬೇಡಿ. ಮಿಕ್ಕಿದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಕೆಂಪಿಗೆ ನಾನು ಏನು ಮಾಡಿದೆ ಅನ್ನೋದನ್ನ ಕೇಳಿ.

ನಾವಿರುವುದು ಬೆಂಗಳೂರಿನ ಉತ್ತರಹಳ್ಳಿ ಕಡೆ, ನಾಲ್ಕನೇ ಮಹಡಿ. 2022ರಲ್ಲಿ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಅಲ್ಲಿದ್ದ ಎಂ-ಸ್ಯಾಂಡ್ ಮರಳಿನ ರಾಶಿಯ ಹಿಂದೆ ಬೀದಿನಾಯಿಯೊಂದು ಮರಿ ಹಾಕಿತ್ತು. ಲಾರಿ ರಿವರ್ಸ್ ಬಂದಾಗ ಎರಡು ಮರಿ ಹೋದವು. ಉಳಿದ ಒಂದನ್ನು ಆಗಸ್ಟ್ ತಿಂಗಳ ಒಂದು ಸಂಜೆ ಟವೆಲ್‌ನಲ್ಲಿ ಸುತ್ತಿಕೊಂಡು ಮೇಲೆ ತಂದೆ. ಆಗ ಅದಕ್ಕೆ ಎರಡು ತಿಂಗಳಿರಬಹುದು. ಕೆಂಪು ಬಣ್ಣ, ಹಾಗಾಗಿ ಕೆಂಪಿ.

ನಾನು, ನಮ್ಮನೆಯವರು ಇಬ್ಬರೂ ಕೆಲಸಕ್ಕೆ ಹೋಗುವವರು. ಕೆಲಸದಮ್ಮ ಹನ್ನೊಂದಕ್ಕೆ ಬಂದು ಒಂದು ಗಂಟೆಗೆ ಹೋಗುತ್ತಿದ್ದರು. ಸಂಜೆ ನಾನು ಬಾಗಿಲು ತೆಗೆಯುವಾಗ ಏಳಾಗುತ್ತಿತ್ತು. ಬಚ್ಚಲ ಮುಂದಿನ ಮ್ಯಾಟ್, ದಿವಾನದ ಕಾಲ ಹತ್ತಿರ, ಫ್ರಿಜ್ ಪಕ್ಕ, ಮೂರೂ ಕಡೆ ಆಗಿರುತ್ತಿತ್ತು. ಮೊದಲ ಹದಿನೈದು ದಿನ ಬೇಜಾರಿಲ್ಲದೆ ಒರೆಸಿದೆ. ಆಮೇಲೆ ಸಾಕಾಯಿತು. ನಮ್ಮ ಬಿಲ್ಡಿಂಗ್‌ನಲ್ಲೇ ಮೊದಲಿನಿಂದ ನಾಯಿ ಸಾಕಿದವರೊಬ್ಬರು, "ಅದರಲ್ಲೇ ಮೂಗು ತಿಕ್ಕಿ, ಪೇಪರ್ ಸುತ್ತಿ ಎರಡು ಕೊಡಿ, ಒಂದೇ ವಾರಕ್ಕೆ ಸರಿಹೋಗುತ್ತೆ" ಅಂದರು. ಅಷ್ಟು ವರ್ಷ ನಾಯಿ ಸಾಕಿದವರು, ಗೊತ್ತಿರುತ್ತೆ ಅಂತ ನಂಬಿದೆ.

ಒಂದು ಸಂಜೆ ಹಾಗೇ ಮಾಡಿದೆ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಕುತ್ತಿಗೆ ಹಿಡಿದು ಫ್ರಿಜ್ ಪಕ್ಕ ಎಳೆದುಕೊಂಡು ಹೋಗಿ ಮೂಗು ತಿಕ್ಕಿದೆ. ಇನ್ನೊಂದು ಕೈಯಲ್ಲಿ ನೆಲ ಒರೆಸುವ ಮಾಪ್ ಕೋಲು ಇತ್ತು. ಅದನ್ನು ನೆಲಕ್ಕೆ ಕುಟ್ಟಿ ಗದರಿದೆ. ಅವಳು ಅಂಗಾತ ಬಿದ್ದು, ನನ್ನ ಕಣ್ಣೆದುರೇ ಮತ್ತೆ ಉಚ್ಚೆ ಹೊಯ್ದಳು. ನನಗೆ ಅದು ಸೊಕ್ಕು ಅಂತ ಕಂಡಿತು. ಪೇಪರ್ ಸುತ್ತಿ ಎರಡೇಟು ಕೊಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಐದು ತಿಂಗಳು ತಿಂದದ್ದು ಇದೇ ತಪ್ಪು.

ಆ ಉಚ್ಚೆ ಮಾಡಿ ಎಷ್ಟೋ ಹೊತ್ತಾಗಿತ್ತು. ಮಧ್ಯಾಹ್ನ ಮೂರಕ್ಕೆ ಮಾಡಿದ್ದಕ್ಕೆ ಏಳಕ್ಕೆ ಏಟು ಬಿದ್ದರೆ ಮರಿಗೆ ಏನೂ ಅರ್ಥ ಆಗಲ್ಲ. ಅದರ ಪಾಲಿಗೆ, ಅಮ್ಮ ಬಾಗಿಲು ತೆಗೆದಳು, ಓಡಿ ಹೋದೆ, ಹೊಡೆದಳು, ಅಷ್ಟೇ. ಕಿವಿ ಹಿಂದಕ್ಕೆ ಮಡಚಿಕೊಂಡು, ಬಾಲ ಒಳಗೆ ಸೇರಿಸಿಕೊಂಡು ಕೂತಿರುತ್ತಲ್ಲ, ಅದನ್ನ ನಾವು "ನೋಡು, ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಅಂದುಕೊಳ್ಳುತ್ತೇವೆ. ಅದು ನಮ್ಮ ಮುಖ ನೋಡಿ ಹೆದರಿದ್ದು. ಇನ್ನು ಗದರಿದಾಗ ಮತ್ತೆ ಹೊಯ್ದಳಲ್ಲ, ಅದೂ ಹೆದರಿಕೆಯೇ. ದೊಡ್ಡ ನಾಯಿ ಗುರ್ ಅಂದಾಗ ಮರಿ ಹೊಟ್ಟೆ ಮೇಲೆ ಮಾಡಿ ಬಿದ್ದು ನಾಲ್ಕು ಹನಿ ಬಿಡುತ್ತೆ. ನಾನು ಚಿಕ್ಕವಳು, ನನ್ನನ್ನ ಬಿಟ್ಟುಬಿಡು ಅಂತ ಅದರ ಅರ್ಥ. ಕೆಂಪಿ ನನ್ನ ಹತ್ತಿರ ಹಾಗೆ ಕೇಳಿಕೊಂಡಿದ್ದಳು, ನಾನು ಅದಕ್ಕೂ ಹೊಡೆದೆ.

ಮತ್ತೆ ಅವಳು ಕಲಿತದ್ದಾದರೂ ಏನು? ಮನೆಯೊಳಗೆ ಮಾಡಬಾರದು ಅಂತ ಕಲಿಯಲಿಲ್ಲ. ಈಕೆಯ ಎದುರಿಗೆ ಉಚ್ಚೆ ಮಾಡಿದರೆ ಏಟು ಬೀಳುತ್ತೆ ಅಂತ ಕಲಿತಳು. ಕೆಳಗೆ ಕರೆದುಕೊಂಡು ಹೋಗಲು ಶುರು ಮಾಡುವ ಹೊತ್ತಿಗೆ ಈ ಪಾಠ ಗಟ್ಟಿಯಾಗಿತ್ತು. ನಾನು ಬೆಲ್ಟ್ ಹಿಡಿದು ಕಾಂಪೌಂಡ್ ಪಕ್ಕ ನಲವತ್ತು ನಿಮಿಷ ನಿಲ್ಲುತ್ತಿದ್ದೆ. ಮೂಸುತ್ತಿದ್ದಳು, ಸುತ್ತುತ್ತಿದ್ದಳು, ಒಂದು ಸಲ ನನ್ನ ಕಡೆ ನೋಡಿ ಸುಮ್ನೆ ಕೂತುಬಿಡುತ್ತಿದ್ದಳು. ಮೇಲೆ ಬಂದು ಬೆಲ್ಟ್ ಬಿಚ್ಚಿದ ಎರಡೇ ನಿಮಿಷಕ್ಕೆ ದಿವಾನದ ಹಿಂದೆ ಹೋಗಿ ಮಾಡುತ್ತಿದ್ದಳು. ನೀವು "ಬೇಕಂತಲೇ" ಅಂದಿರಲ್ಲ, ನಾನೂ ಇದೇ ಮಾತು ಆಡುತ್ತಿದ್ದೆ. ಈಗಾಗಲೇ ಒಂದೆರಡು ಏಟು ಬಿದ್ದಿದ್ದರೆ ನಿಮ್ಮ ಮರಿಯದ್ದೂ ಇದೇ ಕಥೆ ಇರಬಹುದು.

ಅಷ್ಟಕ್ಕೇ ಮುಗಿಯಲಿಲ್ಲ. ನಾನು ಮನೆಯಲ್ಲಿದ್ದಾಗಲೆಲ್ಲ ತಡೆದುಕೊಳ್ಳುವುದನ್ನ ಅಭ್ಯಾಸ ಮಾಡಿಕೊಂಡಳು. ಸೆಪ್ಟೆಂಬರ್ ಕೊನೆಗೆ ಒಂದು ದಿನ ಬಿಳಿ ಟೈಲ್ಸ್ ಮೇಲೆ ತೆಳು ಗುಲಾಬಿ ಬಣ್ಣದ ಹನಿಗಳು ಕಂಡವು. ಡಾಕ್ಟರ್ ಹತ್ತಿರ ಓಡಿದೆ. ಮೂತ್ರ ಪರೀಕ್ಷೆ ಮಾಡಿಸಿದರೆ ಇನ್ಫೆಕ್ಷನ್. ಹತ್ತು ದಿನ ಮಾತ್ರೆ. ಹೆಣ್ಣು ಮರಿಗಳಲ್ಲಿ ಇದು ಬರುವುದುಂಟು, ತಡೆದುಕೊಂಡಷ್ಟೂ ಜಾಸ್ತಿಯಾಗುತ್ತೆ ಅಂದರು. ಅವಳು ತಡೆದುಕೊಳ್ಳುತ್ತಿದ್ದದ್ದು ಯಾರ ಹೆದರಿಕೆಗೆ ಅಂತ ನನಗೆ ಅಲ್ಲೇ ಗೊತ್ತಾಯಿತು.

ದಸರೆಗೆ ಅಮ್ಮ ಅರಸೀಕೆರೆಯಿಂದ ಬಂದರು. ಆಯುಧಪೂಜೆ ಹಿಂದಿನ ದಿನ ಮನೆ ಸ್ವಚ್ಛ ಮಾಡೋಣ ಅಂತ ಮೂಲೆಯಲ್ಲಿದ್ದ ಮಾಪ್ ಕೈಗೆ ತೆಗೆದುಕೊಂಡರು. ಅಮ್ಮನ ಕಾಲ ಹತ್ತಿರವೇ ಮಲಗಿದ್ದ ಕೆಂಪಿ ತಲೆ ಎತ್ತಿ ಕೋಲು ನೋಡಿದಳು. ಹೊಟ್ಟೆ ನೆಲಕ್ಕೆ ತಾಗುವ ಹಾಗೆ ತೆವಳಿಕೊಂಡು ದಿವಾನದ ಕೆಳಗೆ ಹೋದಳು. ಹೋದ ದಾರಿಯುದ್ದಕ್ಕೂ ಒದ್ದೆ. ಅಮ್ಮ ಕೋಲು ಗೋಡೆಗೆ ಒರಗಿಸಿ ನನ್ನನ್ನೇ ನೋಡಿದರು.

"ಹೊಡಿತೀಯಾ ಇದಕ್ಕೆ?"

ನಾನು ಮಾತಾಡಲಿಲ್ಲ.

"ಅಲ್ಲ ಕಣೇ, ನಿನ್ನ ಕಾಲ್ಮೇಲೆ ಕೂರಿಸ್ಕೊಂಡು ಸ್ಸ್ಸ್ ಅಂತಾನೇ ಅಲ್ವಾ ನಾನು ಕಲಿಸಿದ್ದು? ಎದ್ದ ತಕ್ಷಣ ಒಂದ್ಸಲ, ಹಾಲು ಕುಡಿದ್ಮೇಲೆ ಒಂದ್ಸಲ. ನೀನು ಚಾಪೆ ಒದ್ದೆ ಮಾಡಿದ್ರೆ ಚಾಪೆ ಒಗೀತಿದ್ದೆ, ಅಷ್ಟೇ. ಯಾವತ್ತಾದ್ರೂ ಮೂಗು ತಿಕ್ಕಿದ್ನಾ?"

ಅಮ್ಮ ಮನೆಯೊಳಗೆ ನಾಯಿ ಸಾಕಿದವರಲ್ಲ. ಆದರೆ ನಾಲ್ಕು ಮಕ್ಕಳನ್ನು ಬೆಳೆಸಿದವರು. ಅವರು ಹೇಳಿದ್ದನ್ನೇ ನಾವು ಕೆಂಪಿಗೆ ಮಾಡಿದ್ದು, ಅದೇ ಕೆಲಸ ಮಾಡಿದ್ದು.

ಮೊದಲು ಜಾಗ. ಐದನೇ ಮಹಡಿಯಿಂದ ಕೆಳಗೆ ಹೋಗೋಕೆ ಎಷ್ಟು ಹೊತ್ತು ಬೇಕು ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ. ಬೆಲ್ಟ್, ಚಪ್ಪಲಿ, ಬೀಗ, ಲಿಫ್ಟಿಗೆ ಕಾಯುವುದು, ಎಲ್ಲಾ ಸೇರಿ ನಮಗೆ ಐದು ನಿಮಿಷ ಹಿಡಿಯುತ್ತಿತ್ತು. ಎರಡೂವರೆ ತಿಂಗಳ ಮರಿಗೆ ಬಂತು ಅನಿಸಿದ ಮೇಲೆ ಅರ್ಧ ನಿಮಿಷ ತಡೆಯುವ ಶಕ್ತಿಯೂ ಇರಲ್ಲ. ದಿನಕ್ಕೆ ಮೂರು ಸಲ ಅನ್ನುವುದು ನಿಮ್ಮ ಅನುಕೂಲದ ಲೆಕ್ಕ. ಅದಕ್ಕೆ ಹತ್ತು ಹನ್ನೆರಡು ಸಲವಾದರೂ ಬೇಕು. ಎಷ್ಟು ತಿಂಗಳೋ ಹೆಚ್ಚೆಂದರೆ ಅಷ್ಟು ಗಂಟೆ ತಡೆಯುತ್ತೆ ಅಂತ ಹೇಳುತ್ತಾರೆ. ಅದೂ ಮಲಗಿದ್ದಾಗ. ಎಚ್ಚರವಿದ್ದು ಆಡುತ್ತಿದ್ದರೆ ಗಂಟೆ ಕೂಡ ಇಲ್ಲ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಿಮ್ಮ ಮರಿಗೆ ಲಸಿಕೆಗಳು ಇನ್ನೂ ಮುಗಿದಿರಲ್ಲ. ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದ ತನಕ ಹಾಕಿಸಬೇಕು. ಮರಿಗಳಿಗೆ ಪ್ರಾಣಾಪಾಯದ ವಾಂತಿಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ಮಾಮೂಲಿ ಫಿನಾಯಿಲ್‌ಗೆಲ್ಲ ಬಗ್ಗಲ್ಲ. ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಈಗ ಅದನ್ನು ಬಿಡಬೇಡಿ. ಹೊರಗಿನ ಜನ, ವಾಹನದ ಸದ್ದು ಎಲ್ಲಾ ಗೊತ್ತಾಗಬೇಕಾದರೆ ಎತ್ತಿಕೊಂಡು ಹೋಗಿ ತೋರಿಸಿ. ಕೆಳಗೆ ಕರೆದುಕೊಂಡು ಹೋಗಿಯೇ ಕಲಿಸಬೇಕು ಅನ್ನೋದನ್ನ ಸದ್ಯಕ್ಕೆ ತಲೆಯಿಂದ ತೆಗೆದುಬಿಡಿ.

ಹಾಗಂತ ಪ್ಯಾಡ್ ಕೂಡ ಬೇಡ. ಇದು ನನ್ನ ಖಡಾಖಂಡಿತ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಮರಿಗಳು ಕಾಲಿಗೆ ಏನು ತಾಗುತ್ತೆ ಅನ್ನೋದರ ಮೇಲೆ ಜಾಗ ಗುರುತಿಟ್ಟುಕೊಳ್ಳುತ್ತವೆ. ಎರಡು ತಿಂಗಳೊಳಗೇ ಆ ರುಚಿ ಬೆಳೆದಿರುತ್ತೆ. ಪ್ಯಾಡ್ ಮೆತ್ತಗಿರುತ್ತೆ, ಮ್ಯಾಟೂ ಮೆತ್ತಗಿರುತ್ತೆ, ಹಾಸಿಗೆಯೂ ಮೆತ್ತಗಿರುತ್ತೆ. ಮರಿಗೆ ಅವುಗಳಲ್ಲಿ ಏನು ವ್ಯತ್ಯಾಸ? ಕೆಂಪಿ ಮರಳಿನ ಮೇಲೆ ಹುಟ್ಟಿದವಳು. ಅವಳ ಕಾಲು ಹುಡುಕುತ್ತಿದ್ದದ್ದು ಮರಳನ್ನ. ನಮ್ಮ ಮನೆಯಲ್ಲಿ ಅದಕ್ಕೆ ಹತ್ತಿರವಿದ್ದದ್ದು ಬಚ್ಚಲ ಮುಂದಿನ ತೆಂಗಿನ ನಾರಿನ ಒರಟು ಮ್ಯಾಟ್ ಒಂದೇ. ಅಮ್ಮ ಅದನ್ನ ಬೆರಳಲ್ಲಿ ಮುಟ್ಟಿ ನೋಡಿ ಹೇಳುವ ತನಕ ನನಗೆ ಹೊಳೆದೇ ಇರಲಿಲ್ಲ.

ಹಾಗಾಗಿ ಲಾಲ್‌ಬಾಗ್ ಪಕ್ಕ ಸಿದ್ದಾಪುರದ ನರ್ಸರಿಗೆ ಹೋಗಿ ಲಾನ್ ಹುಲ್ಲಿನ ಹಾಸು ತಂದೆವು, ಬೇರು ಮಣ್ಣು ಸಮೇತ. ಎರಡಡಿ ಅಗಲ, ಮೂರಡಿ ಉದ್ದದ ಪ್ಲಾಸ್ಟಿಕ್ ಟ್ರೇ. ಕೆಳಗೆ ಎರಡು ಇಂಚು ಮರಳು, ಮೇಲೆ ಹುಲ್ಲು. ಯುಟಿಲಿಟಿಯಲ್ಲಿ ನೀರು ಹೋಗುವ ಜಾಲಿಯ ಪಕ್ಕ ಇಟ್ಟೆವು. ಹತ್ತು ಹನ್ನೆರಡು ದಿನಕ್ಕೆ ಹುಲ್ಲು ಬದಲಿಸುತ್ತಿದ್ದೆವು. ಬಾಲ್ಕನಿಯಲ್ಲಿ ಇಡುವುದಾದರೆ ಕೆಳಗಿನ ಮನೆಯವರ ಮೇಲೆ ನೀರು ಇಳಿಯದ ಹಾಗೆ ಮೊದಲು ನೋಡಿಕೊಳ್ಳಿ, ಅಲ್ಲಿ ಜಗಳ ಶುರುವಾದರೆ ಮುಗಿಯಲ್ಲ.

ನಿದ್ದೆಯಿಂದ ಎದ್ದ ತಕ್ಷಣ, ಊಟವಾದ ಹತ್ತು ಹದಿನೈದು ನಿಮಿಷಕ್ಕೆ, ಆಟ ನಿಲ್ಲಿಸಿದ ಕೂಡಲೇ, ಮಲಗುವ ಮುಂಚೆ, ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಒಂದು ಸಲ. ಅಮ್ಮ ಕೆಂಪಿಯನ್ನ ಎತ್ತಿಕೊಂಡು ಹೋಗಿ ಹುಲ್ಲಿನ ಮೇಲೆ ಬಿಟ್ಟು, ಪಕ್ಕಕ್ಕೆ ತಿರುಗಿ ಕೂತು, ಮೆಲ್ಲಗೆ "ಸ್ಸ್ಸ್" ಅನ್ನುತ್ತಿದ್ದರು. ಅವಳ ಕಡೆ ನೋಡುತ್ತಲೇ ಇರಲಿಲ್ಲ. ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಬೆಳಗ್ಗೆ ಆರಕ್ಕೆ ಹುಲ್ಲು ಮೂಸಿ, ಕಾಲಲ್ಲಿ ಸ್ವಲ್ಪ ಕೆರೆದು, ಹಿಂಗಾಲು ಬಗ್ಗಿಸಿದಳು. ಮುಗಿಸಿ ಇನ್ನೂ ಏಳುತ್ತಿರುವಾಗಲೇ ಅಮ್ಮ ಬೇಯಿಸಿದ ಗೆಣಸಿನ ಚೂರು ಬಾಯಿಗಿಟ್ಟರು. ಆ ಚೂರು ಅಲ್ಲೇ, ಆ ಕ್ಷಣವೇ ಸಿಗಬೇಕು. ಅಡುಗೆಮನೆಗೆ ಹೋಗಿ ತಂದು ಕೊಟ್ಟರೆ, ಅಡುಗೆಮನೆಗೆ ಬಂದದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತೆ.

ನನ್ನ ಎದುರು ಮಾಡೋಕೆ ಅವಳಿಗೆ ಇನ್ನೂ ಮೂರು ವಾರ ಬೇಕಾಯಿತು. ಅಮ್ಮ ಊರಿಗೆ ಹೋದ ಮೇಲೆ ನಾನು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಲು ಶುರು ಮಾಡಿದೆ. ಕೆಲಸದಮ್ಮನಿಗೂ ಸ್ವಲ್ಪ ಹೆಚ್ಚಿಗೆ ಕೊಟ್ಟು ನಾಲ್ಕು ಗಂಟೆಗೆ ಇನ್ನೊಂದು ಸಲ ಬರಲು ಹೇಳಿದೆ. ಇದಕ್ಕೆ ಅಡ್ಡದಾರಿ ಇಲ್ಲ. ಎಂಟು ಗಂಟೆ ಬೀಗ ಹಾಕಿಕೊಂಡು ಹೋಗುವುದಾದರೆ ಯಾವ ಟ್ರೇನರ್ ಬಂದರೂ ಏನೂ ಮಾಡಲಾರರು. ಟ್ರೇನರ್‌ಗೆ ಕೊಡುವ ದುಡ್ಡನ್ನು ಮಧ್ಯಾಹ್ನ ಮನೆಗೆ ಬಂದು ನೋಡಿಕೊಳ್ಳುವವರಿಗೆ ಕೊಡಿ. ಅಲ್ಲಿಯ ತನಕ ಇಡೀ ಮನೆಯನ್ನೂ ಅದಕ್ಕೆ ಬಿಡಬೇಡಿ. ಅಡುಗೆಮನೆ, ಯುಟಿಲಿಟಿ, ಅಷ್ಟು ಸಾಕು. ಬಾಗಿಲಿಗೆ ಮಕ್ಕಳ ಗೇಟ್ ಹಾಕಿ. ನೀರು ಮಾತ್ರ ಕಡಿಮೆ ಮಾಡಬೇಡಿ, ಉಚ್ಚೆ ಕಡಿಮೆಯಾಗಲಿ ಅಂತ ನೀರು ತೆಗೆದಿಡುವವರನ್ನ ನೋಡಿದ್ದೇನೆ, ಬೇಸಿಗೆಯಲ್ಲಿ ಅದು ಪ್ರಾಣಕ್ಕೇ ಬರುತ್ತೆ.

ಒರೆಸುವುದರ ಬಗ್ಗೆ. ಫಿನಾಯಿಲ್ ವಾಸನೆ ನಮ್ಮ ಮೂಗನ್ನು ಮುಚ್ಚುತ್ತೆ, ಅದರ ಮೂಗನ್ನಲ್ಲ. ಒಣಗಿದ ಮೇಲೂ ಅದಕ್ಕೆ ಹಳೇ ಜಾಗ ಗೊತ್ತಾಗುತ್ತೆ. ಪೆಟ್ ಅಂಗಡಿಯಲ್ಲಿ ಎನ್‌ಜೈಮ್ ಇರುವ ಕ್ಲೀನರ್ ಸಿಗುತ್ತೆ, ಅದನ್ನ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ತಕ್ಷಣಕ್ಕೆ ಸಿಗದಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ. ಮಾರ್ಬಲ್ ನೆಲವಾದರೆ ವಿನೆಗರ್ ಬೇಡ, ಕಲೆ ಬೀಳುತ್ತೆ. ಬ್ಲೀಚಿಂಗ್ ಪೌಡರ್ ಜೊತೆ ವಿನೆಗರ್ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಬರುತ್ತೆ.

ಕೆಳಗೆ ಹೋಗುವುದು ಆಮೇಲೆ ತಾನಾಗೇ ಆಯಿತು. ಡಿಸೆಂಬರ್‌ನಲ್ಲಿ ಟ್ರೇಯ ಹಳೇ ಹುಲ್ಲಿನ ಒಂದು ತುಂಡನ್ನು ಕೆಳಗೆ ತೆಗೆದುಕೊಂಡು ಹೋಗಿ ಕಾಂಪೌಂಡ್ ಗೋಡೆಯ ಹತ್ತಿರ ಇಟ್ಟೆ. ಕೆಂಪಿ ಮೂಸಿದಳು. ನಾನು ಪಕ್ಕಕ್ಕೆ ತಿರುಗಿ ಸ್ಸ್ಸ್ ಅಂದೆ. ಮಾಡಿದಳು. ಸಂಕ್ರಾಂತಿ ಹೊತ್ತಿಗೆ ಆ ತುಂಡೂ ಬೇಡವಾಯಿತು. ಲಿಫ್ಟ್ ವಿಷಯಕ್ಕೆ ಯಾರಾದರೂ ತಕರಾರು ತೆಗೆದರೆ ಹೆದರಬೇಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಾಕುಪ್ರಾಣಿಗಳಿಗೆ ಲಿಫ್ಟ್ ನಿಷೇಧಿಸುವಂತಿಲ್ಲ ಅಂತಿದೆ. ಆದರೆ ಕೈಯಲ್ಲಿ ಒಂದು ಬಟ್ಟೆ, ಒಂದು ಕವರ್ ಇಟ್ಟುಕೊಂಡೇ ಹೋಗಿ.

ಎರಡು ವಾರ ಹೀಗೆಲ್ಲ ಮಾಡಿದರೂ ಪದೇ ಪದೇ ಹನಿ ಹನಿಯಾಗಿ ಮಾಡುತ್ತಿದ್ದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಇವತ್ತು ರಾತ್ರಿ ಮಾತ್ರ ಇಷ್ಟು ಮಾಡಿ. ನಿಮ್ಮ ಮಾಪ್, ಪೊರಕೆ, ಸುತ್ತಿಟ್ಟ ಪೇಪರ್, ಯಾವುದರಿಂದ ಗದರಿದ್ದೀರೋ ಅದನ್ನು ಮರಿಯ ಕಣ್ಣಿಗೆ ಬೀಳದ ಕಡೆ ಎತ್ತಿಡಿ. ಎರಡು ಗಂಟೆಗೆ ಅಲಾರಂ ಇಡಿ. ಹುಲ್ಲು ನಾಳೆ ತಂದರಾಯಿತು.