60 ರೂಮು ಹಿಡಿದೆವು, 38ಕ್ಕೆ ದಂಡ ಕಟ್ಟಿದೆವು

ಪ್ರಶ್ನೆ: ದಾವಣಗೆರೆಯ ಒಂದು ವ್ಯಾಪಾರಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಕಳೆದ ವರ್ಷ ಶನಿವಾರ, ಭಾನುವಾರ ರಾಜ್ಯ ಮಟ್ಟದ ಸಭೆ ಇಟ್ಟುಕೊಂಡಿದ್ದೆವು. ಶುಕ್ರವಾರ, ಶನಿವಾರ ಎರಡು ರಾತ್ರಿಗೆ ಒಂದೇ ಹೋಟೆಲಲ್ಲಿ 60 ರೂಮು ಹಿಡಿದೆವು, ದಿನಕ್ಕೆ 2,500 ರೂಪಾಯಿ. ಶುಕ್ರವಾರ 30 ರೂಮು ತುಂಬಿದವು, ಶನಿವಾರ 52. ಖಾಲಿ ಉಳಿದ 38ಕ್ಕೂ ಸೇರಿಸಿ 95,000 ಜಾಸ್ತಿ ವಸೂಲಿ ಮಾಡಿದರು. ಒಪ್ಪಂದದಲ್ಲಿ ಹಾಗೇ ಬರೆದಿತ್ತು, ನಾವು ಓದದೆ ಸಹಿ ಹಾಕಿದ್ದೆವು. ಈ ವರ್ಷವೂ ಸಭೆ ನಮ್ಮೂರಲ್ಲೇ. ಏನು ಮಾಡಬೇಕು?

ಉತ್ತರ: ಸಂಘದ ದುಡ್ಡು ಅಂದರೆ ಸದಸ್ಯರ ದುಡ್ಡು, ನಿಮ್ಮ ಸಂಕಟ ಅರ್ಥವಾಗುತ್ತದೆ. ತುಂಬದ ರೂಮಿಗೆ ಹಾಕುವ ಈ ಚಾರ್ಜಿಗೆ ಹೋಟೆಲಿನವರು ಅಟ್ರಿಷನ್ ಅನ್ನುತ್ತಾರೆ. ಇದನ್ನು ಸಹಿ ಹಾಕುವ ಮುಂಚೆ ಮಾತ್ರ ಸುಲಭವಾಗಿ ತಗ್ಗಿಸಬಹುದು.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. ದಾವಣಗೆರೆ ರಾಜ್ಯದ ನಡುಮಧ್ಯೆ ಇದೆ, ಸಭೆಗೆ ಅದೇ ಅನುಕೂಲ, ರೂಮಿಗೆ ಅದೇ ತೊಂದರೆ. ಹರಿಹರ, ರಾಣೆಬೆನ್ನೂರು, ಚಿತ್ರದುರ್ಗದವರು ಊಟ ಮುಗಿಸಿ ಮನೆಗೆ ಹೋಗುತ್ತಾರೆ. ಬೆಂಗಳೂರಿನವರು ಬೆಳಗಿನ ವಂದೇ ಭಾರತ್ ಹತ್ತಿದರೆ ಸಭೆ ಶುರುವಾಗುವ ಹೊತ್ತಿಗೆ ಇಲ್ಲಿರುತ್ತಾರೆ, ಶುಕ್ರವಾರ ರಾತ್ರಿ ಅವರಿಗೆ ರೂಮು ಯಾಕೆ ಬೇಕು? ಎರಡೂ ರಾತ್ರಿಗೆ ಒಂದೇ ಸಂಖ್ಯೆ ಕೊಟ್ಟಿದ್ದೇ ನಿಮ್ಮ ದೊಡ್ಡ ತಪ್ಪು. ಈ ಸಲ ಶುಕ್ರವಾರಕ್ಕೆ 25, ಶನಿವಾರಕ್ಕೆ 45 ಹಿಡಿಯಿರಿ. ಬೇಕಾದರೆ ಅದೇ ರೇಟಲ್ಲಿ ಇನ್ನಷ್ಟು ಕೊಡಬೇಕು ಅಂತ ಬರೆಸಿ. ಕಡಿಮೆ ಹಿಡಿದು ಆಮೇಲೆ ಜಾಸ್ತಿ ಮಾಡುವುದು ಸುಲಭ, ಜಾಸ್ತಿ ಹಿಡಿದು ಇಳಿಸುವುದು ಕಷ್ಟ.

ಆಮೇಲೆ ರಿಯಾಯಿತಿ. ಹಿಡಿದ ರೂಮಿನಲ್ಲಿ 80% ತುಂಬಿದರೆ ದಂಡ ಇಲ್ಲ ಅನ್ನುವ ಷರತ್ತು ಈ ವ್ಯವಹಾರದಲ್ಲಿ ಮಾಮೂಲು, ಕೇಳಲು ಸಂಕೋಚ ಬೇಡ. ಆದರೆ ಅದನ್ನು ರಾತ್ರಿ ರಾತ್ರಿಗೆ ಬೇರೆ ನೋಡುತ್ತಾರಾ, ಎರಡೂ ರಾತ್ರಿ ಕೂಡಿಸಿ ನೋಡುತ್ತಾರಾ ಅನ್ನುವುದರಲ್ಲೇ ದುಡ್ಡಿರುವುದು. ನಿಮ್ಮದೇ ಲೆಕ್ಕ ತಗೊಳ್ಳಿ. ಬೇರೆ ಬೇರೆ ನೋಡಿದರೆ ರಾತ್ರಿಗೆ 48 ತುಂಬಬೇಕು, ಶುಕ್ರವಾರ 18 ಕಡಿಮೆ, ದಂಡ 45,000. ಕೂಡಿಸಿದರೆ 120ಕ್ಕೆ 96 ಸಾಕು, ನಿಮ್ಮವು 82, ಹಾಗಾಗಿ 14 ಕಡಿಮೆ, ದಂಡ 35,000. ನೀವು ಕಟ್ಟಿದ್ದು 95,000! ಒಂದು ಸಾಲು ಬರೆಸಿದ್ದರೆ 60,000 ಉಳಿಯುತ್ತಿತ್ತು.

ಇಷ್ಟೇ ಮುಖ್ಯವಾದ ಇನ್ನೊಂದು ಸಾಲಿದೆ. ನೀವು ಬಿಟ್ಟ ರೂಮನ್ನು ಹೋಟೆಲಿನವರು ಬೇರೆಯವರಿಗೆ ಕೊಟ್ಟರೆ ಅದಕ್ಕೆ ನಿಮ್ಮಿಂದ ದುಡ್ಡು ತಗೊಳ್ಳಬಾರದು. ಮದುವೆ ಸೀಸನ್ನಿನಲ್ಲಿ ನಮ್ಮೂರಲ್ಲಿ ಖಾಲಿ ರೂಮು ಎಷ್ಟು ಹೊತ್ತು ಖಾಲಿ ಇರುತ್ತದೆ ಹೇಳಿ, ಒಂದೇ ರೂಮಿಗೆ ಎರಡು ಬಾಡಿಗೆ ನ್ಯಾಯ ಅಲ್ಲ ಅಲ್ವಾ? ಸಭೆ ಆಷಾಢದಲ್ಲಿ ಇಟ್ಟುಕೊಂಡರಂತೂ ಮದುವೆ ಇರುವುದಿಲ್ಲ, ರೇಟೂ ಇಳಿಯುತ್ತದೆ, ಷರತ್ತೂ ಸಡಿಲವಾಗುತ್ತದೆ. ಹಾಲ್, ಎರಡು ಹೊತ್ತಿನ ಊಟ ಅಲ್ಲೇ ತಗೊಳ್ಳುತ್ತಿದ್ದೀರಿ ಅನ್ನುವುದನ್ನೂ ಮಾತುಕತೆಯಲ್ಲಿ ಮುಂದಿಡಿ, ಅದು ಅವರಿಗೆ ಒಳ್ಳೆಯ ವ್ಯಾಪಾರ.

ದಂಡವಿಲ್ಲದೆ ರೂಮು ಬಿಡಲು ಕೊನೆ ದಿನ ಯಾವುದು ಅಂತ ಬರೆಸಿ, ಸಭೆಗೆ 30 ದಿನ ಮುಂಚೆ ಒಂದಿಷ್ಟು, 15 ದಿನ ಮುಂಚೆ ಇನ್ನೊಂದಿಷ್ಟು ಬಿಡುವ ಹಾಗೆ. ಆ ದಿನಕ್ಕೂ ಒಂದು ವಾರ ಮೊದಲೇ ಸದಸ್ಯರಿಂದ ಹೆಸರು ಮತ್ತು ಅಡ್ವಾನ್ಸ್ ತಗೊಳ್ಳಿ, ಸುಮ್ನೆ 'ಬರ್ತೀನಿ' ಅಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಿಲ್ ಕಟ್ಟುವ ಮುಂಚೆ ಹೋಟೆಲಿನ ಪಟ್ಟಿಯನ್ನೂ ನಿಮ್ಮ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಿ. ಕೆಲವು ಸದಸ್ಯರು ಆ್ಯಪಿನಲ್ಲಿ ನೇರವಾಗಿ ಅದೇ ಹೋಟೆಲ್ ಬುಕ್ ಮಾಡಿರುತ್ತಾರೆ, ಅವೂ ನಿಮ್ಮ ಲೆಕ್ಕಕ್ಕೇ ಬರಬೇಕು. ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. ದಿನಕ್ಕೆ 7,500ರವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ 5%, ಅದಕ್ಕೂ ಮೇಲಿದ್ದರೆ 18%.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮ ಹಳೆ ವಿದ್ಯಾರ್ಥಿಗಳ ಕೂಟಕ್ಕೆ 20 ರೂಮು ಹಿಡಿದು ಆಗಲೇ ಸಹಿ ಹಾಕಿದ್ದೇನೆ. ಅರ್ಧ ಜನ ಬರುವುದಿಲ್ಲ ಅನ್ನುತ್ತಿದ್ದಾರೆ. ಬರೆದಷ್ಟು ದಂಡ ಪೂರ್ತಿ ಕಟ್ಟಲೇಬೇಕಾ?

ಉತ್ತರ: ಇವತ್ತೇ ಹೋಟೆಲಿಗೆ ಹೇಳಿ, ಬಾಯಲ್ಲಿ ಅಲ್ಲ, ಇಮೇಲಿನಲ್ಲಿ. ದಿನ ಜಾಸ್ತಿ ಇದ್ದಷ್ಟೂ ಅವರಿಗೆ ಬೇರೆ ಗಿರಾಕಿ ಸಿಗುವ ಅವಕಾಶ ಜಾಸ್ತಿ. 1872ರ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕಾಗದದಲ್ಲಿ ಬರೆದ ಮೊತ್ತ ಒಂದು ಮಿತಿ ಅಷ್ಟೇ, ಅದರೊಳಗೆ ಎಷ್ಟು ನ್ಯಾಯವೋ ಅಷ್ಟು ಪರಿಹಾರ ಮಾತ್ರ ಸಿಗಬೇಕು. ಇದನ್ನು ಹಿಡಿದು ಕೋರ್ಟಿಗೆ ಓಡಬೇಡಿ, 10 ರೂಮಿಗೆ ಅದು ತಕ್ಕುದಲ್ಲ. ಮ್ಯಾನೇಜರ್ ಎದುರು ಕೂತು ಮಾತಾಡುವಾಗ ನೆನಪಿರಲಿ. ದಂಡದ ಬದಲು ಆ ದುಡ್ಡನ್ನು ಮುಂದಿನ ವರ್ಷದ ಕೂಟಕ್ಕೆ ಅಡ್ವಾನ್ಸ್ ಅಂತ ಇಟ್ಟುಕೊಳ್ಳಿ ಅಂದು ನೋಡಿ, ಒಪ್ಪಿದರೆ ಅಲ್ಲೇ ಬರೆಸಿಕೊಂಡು ಬನ್ನಿ.