ಕಿವಿಗೆ ಮಿಷನ್ ಹಾಕುವ ಮಗನಿಗೆ ‘ತಾಯಿಯೂ ಕ್ಲಾಸಿನಲ್ಲಿ ಕೂತರೆ ಮಾತ್ರ ಸೀಟು’ ಎನ್ನುತ್ತಿದ್ದಾರೆ. ಒಪ್ಪಬೇಕಾ, ವಿಶೇಷ ಶಾಲೆಗೆ ಹಾಕಬೇಕಾ?

ಒಪ್ಪಬೇಡಿ.

ಮಂಗಳೂರು, ಒಂದನೇ ಕ್ಲಾಸು, ಎರಡೂ ಕಿವಿಗೆ ಮಿಷನ್. ನನ್ನ ಮಗಳಿಗೂ ಇದೇ ಷರತ್ತು ಹಾಕಿದ್ದರು. ನೀವು ಒಪ್ಪುವ ಮೊದಲು ಕೇಳುತ್ತಿದ್ದೀರಿ, ನಾನು ಯಾರನ್ನೂ ಕೇಳಲಿಲ್ಲ. ಅಷ್ಟೇ ವ್ಯತ್ಯಾಸ.

ಒಪ್ಪಿದ್ದು ಖುಷಿಯಿಂದಲೇ. ಅದಕ್ಕೆ ಮೊದಲು ಇನ್ನೊಂದು ಶಾಲೆಯವರು ಮಗಳ ಕಿವಿ ನೋಡಿದ ಕೂಡಲೇ ಸೀಟು ಭರ್ತಿ ಅಂದಿದ್ದರು. ಮರುವಾರ ಅಲ್ಲೇ ನಮ್ಮ ನೆರೆಮನೆಯ ಹುಡುಗನಿಗೆ ಸೀಟು ಸಿಕ್ಕಿತು. ಹಾಗಾಗಿ ಈ ಶಾಲೆಯ ಹೆಡ್ ಮಿಸ್ "ಇಂಥ ಮಕ್ಕಳಿಗೆ ನಮ್ಮಲ್ಲಿ ಅವಕಾಶ ಉಂಟು, ಆದರೆ ನೀವೂ ಬರಬೇಕಾಗ್ತದೆ" ಅಂದಾಗ ಅವರ ಕಾಲಿಗೆ ಬೀಳುವುದೊಂದು ಬಾಕಿ. ಸೊಸೈಟಿಯಲ್ಲಿದ್ದ ಕ್ಲರ್ಕ್ ಕೆಲಸ ಬಿಟ್ಟೆ. ನಮ್ಮ ಅತ್ತೆ ಮಾತ್ರ "ಮಗು ಹೆತ್ತ ಮೇಲೆ ನಿನಗೆ ಪುನಃ ಒಂದನೇ ಕ್ಲಾಸಾ?" ಅಂತ ನಗಾಡಿದರು. ತಮಾಷೆ ಅಂದುಕೊಂಡೆ.

ಮಗಳ ಪಕ್ಕದಲ್ಲಿ ನನಗೊಂದು ಸ್ಟೂಲು. ಟೀಚರ್ ಹೇಳಿದ್ದನ್ನು ನಾನು ಅವಳ ಮುಖಕ್ಕೆ ಮುಖ ಕೊಟ್ಟು ಪುನಃ ಹೇಳುವುದು. ನೋಟ್ಸ್ ನಾನೇ ಬರೆದುಕೊಳ್ಳುವುದು, ಸಂಜೆ ಮನೆಯಲ್ಲಿ ಇಡೀ ಪಾಠ ಇನ್ನೊಮ್ಮೆ. ಮಿಷನ್ ಸಿಳ್ಳೆ ಹೊಡೆದರೆ ಸರಿ ಮಾಡುವುದು, ಬ್ಯಾಟರಿ ಮುಗಿದರೆ ಬದಲಿಸುವುದು. ಒಂದನೇ ಕ್ಲಾಸು ಹೀಗೆ ಮುಗಿಯಿತು, ಎರಡನೆಯದೂ ಮುಗಿಯಿತು. ಮಾರ್ಕ್ಸ್ ಚೆನ್ನಾಗಿಯೇ ಬರುತ್ತಿತ್ತು. ವಾರ್ಷಿಕೋತ್ಸವದಲ್ಲಿ ನನ್ನನ್ನು ಸ್ಟೇಜಿಗೆ ಕರೆದು ಶಾಲು ಹೊದೆಸಿದರು. ಮಗಳನ್ನು ಕರೆಯಲಿಲ್ಲ.

ಈಗ ತಪ್ಪು ಎಲ್ಲಿ ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡಿದರೆ ಇದರಲ್ಲಿ ತಪ್ಪೇ ಕಾಣುವುದಿಲ್ಲ. ತಾಯಿ ತ್ಯಾಗ ಮಾಡಿದಳು, ಮಗು ಕಲಿಯಿತು, ಶಾಲೆ ದೊಡ್ಡ ಮನಸ್ಸು ಮಾಡಿತು. ನಾನೂ ಹಾಗೇ ನಂಬಿದ್ದೆ.

ಮೊದಲನೆಯದು, ಟೀಚರ್ ನನ್ನ ಮಗಳೊಟ್ಟಿಗೆ ಮಾತಾಡುವುದನ್ನು ಕಲಿಯಲೇ ಇಲ್ಲ. ಅವಳು ಎದುರಿಗೇ ಕೂತಿರುತ್ತಿದ್ದಳು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೂ ಅವರು ನನ್ನನ್ನು ನೋಡಿ "ಪುಸ್ತಕ ತೆಗೀಲಿಕ್ಕೆ ಹೇಳಿ ಅವಳಿಗೆ" ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ. ದಾರಿ ಒಂದು ಇದ್ದಾಗ ಇನ್ನೊಂದು ಯಾರು ಹುಡುಕುತ್ತಾರೆ? ಆ ದಾರಿ ನಾನೇ ಆಗಿದ್ದೆ. ಬೋರ್ಡಿಗೆ ಮುಖ ಮಾಡಿ ಪಾಠ ಮಾಡುವುದು, ಪುಸ್ತಕವನ್ನು ಬಾಯಿಯ ಎದುರು ಹಿಡಿದು ಉಕ್ತಲೇಖನ ಕೊಡುವುದು, ಕಿಟಕಿಗೆ ಬೆನ್ನು ಹಾಕಿ ನಿಲ್ಲುವುದು (ಹಿಂದಿನಿಂದ ಬೆಳಕು ಬಿದ್ದರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ), ಯಾವುದನ್ನೂ ಅವರು ಬದಲಿಸಬೇಕಾಗಿ ಬರಲಿಲ್ಲ.

ಎರಡನೆಯದು, ಮಗಳೂ ಟೀಚರ ಮುಖ ನೋಡುವುದನ್ನು ಬಿಟ್ಟಳು. ಕೇಳಿಸದ ಮಗುವಿಗೆ ಎದುರಿನವರ ಮುಖವೇ ಅರ್ಧ ಮಾತು. ಅವಳು ನೋಡುತ್ತಿದ್ದದ್ದು ನನ್ನ ಮುಖ. ನಾನು ಹೇಳುವವರೆಗೆ ಪೆನ್ಸಿಲ್ ಎತ್ತುತ್ತಿರಲಿಲ್ಲ. ಅರ್ಥವಾಗದಿದ್ದರೆ "ಇನ್ನೊಮ್ಮೆ ಹೇಳಿ" ಅಂತ ಕೇಳುವ ಅಭ್ಯಾಸ ಇಂಥ ಮಕ್ಕಳಿಗೆ ಅನ್ನ ನೀರಿನಷ್ಟೇ ಮುಖ್ಯ. ಅದನ್ನು ಬೆಳೆಸಬೇಕಾದ ವಯಸ್ಸಿನಲ್ಲಿ ನಾನು ಅವಳ ಪರವಾಗಿ ಕೇಳಿಕೊಂಡು ಕೂತೆ.

ಮೂರನೆಯದನ್ನು ಹೇಳಲಿಕ್ಕೆ ಈಗಲೂ ಸಂಕಟ. ಅಮ್ಮ ಪಕ್ಕದಲ್ಲಿರುವ ಹುಡುಗಿಯ ಹತ್ತಿರ ಯಾವ ಮಗು ಬರುತ್ತದೆ? ಚಾಕಲೇಟು ಕದಿಯುವ ಸುದ್ದಿ, ಜಗಳ, ಗುಟ್ಟು, ಒಂದೂ ಅವಳ ಬೆಂಚಿಗೆ ಬರಲಿಲ್ಲ. ಮಕ್ಕಳು ನನ್ನನ್ನು ಆಂಟಿ ಅಂತ ಗೌರವದಿಂದ ಕರೆದು, ಬೇರೆ ಕಡೆ ಆಡಲಿಕ್ಕೆ ಹೋಗುತ್ತಿದ್ದರು.

ನನ್ನ ತಪ್ಪು ಕೂತದ್ದಕ್ಕಿಂತ ಹೆಚ್ಚಾಗಿ ಅಷ್ಟು ಚಂದಕ್ಕೆ ಕೂತದ್ದು. ಸ್ವಲ್ಪ ಕೆಟ್ಟದಾಗಿ ಮಾಡಿದ್ದರೆ ತೊಂದರೆ ಉಂಟು ಅಂತ ಶಾಲೆಯವರಿಗೆ ಗೊತ್ತಾಗುತ್ತಿತ್ತು.

ಬಯಲಾದದ್ದು ಮೂರನೇ ಕ್ಲಾಸಿನ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್). ನನಗೆ ಡೆಂಗಿ ಬಂದು ಮಲಗಿದೆ. ಮಗಳನ್ನು ಗಂಡ ಬಿಟ್ಟು ಬಂದರು. ಮಧ್ಯಾಹ್ನದೊಳಗೆ ಫೋನ್: "ಅಮ್ಮ ಬಾರದ ದಿನ ಮಗುವನ್ನೂ ಕಳಿಸಬೇಡಿ, ನಮಗೆ ನಿಭಾಯಿಸಲಿಕ್ಕೆ ಆಗುವುದಿಲ್ಲ." ಅವಳನ್ನು ಆಫೀಸಿನಲ್ಲಿ ಒಂದು ಕುರ್ಚಿಯಲ್ಲಿ ಕೂರಿಸಿದ್ದರು. ಎರಡು ವರ್ಷ ಕಲಿತ ಮಗುವನ್ನು ಒಂದು ದಿನ ನಿಭಾಯಿಸಲಿಕ್ಕೆ ಗೊತ್ತಿಲ್ಲ! ಆಗ ಅರ್ಥವಾಯಿತು, ಆ ಶಾಲೆ ನನ್ನ ಮಗಳನ್ನು ಸೇರಿಸಿಕೊಂಡೇ ಇರಲಿಲ್ಲ. ನನಗೆ ಸ್ಟೂಲು ಕೊಟ್ಟಿತ್ತು ಅಷ್ಟೆ.

ಆ ವರ್ಷ ಮುಗಿಸಿ ಮನೆ ಹತ್ತಿರದ ಸರಕಾರಿ ಶಾಲೆಗೆ ಹಾಕಿದೆವು. ಸಂಬಂಧಿಕರ ಮುಖ ಹುಳ್ಳಗಾಯಿತು, ಅದು ಬೇರೆ ಕಥೆ. ಮೊದಲ ದಿನ ನಾನು ಅಭ್ಯಾಸ ಬಲದಿಂದ ನೀರಿನ ಬಾಟ್ಲಿ ಸಮೇತ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೆ. ಟೀಚರ್ ಬಂದು "ನೀವು ಮನೆಗೆ ಹೋಗಿ ಅಮ್ಮ. ಇವಳಿಗೆ ಯಾವ ಕಿವಿ ಹೆಚ್ಚು ಕೇಳ್ತದೆ, ಅದೊಂದು ಹೇಳಿ ಹೋಗಿ" ಅಂದರು. ಮೂರು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಟೀಚರ್ ಅವರು.

ಎಡಗಿವಿ ಅಂದೆ. ಎರಡನೇ ಬೆಂಚಿನ ಬಲತುದಿಯಲ್ಲಿ ಕೂರಿಸಿದರು. ಅಲ್ಲಿಂದ ಎಡಗಿವಿ ಕ್ಲಾಸಿನ ಕಡೆಗೆ, ಬಲಗಿವಿ ಗೋಡೆಗೆ. ಟೀಚರ್ ಮಾತ್ರವಲ್ಲ, ಉತ್ತರ ಹೇಳುವ ಮಕ್ಕಳ ಮುಖವೂ ಕಾಣುತ್ತದೆ. ಮೊದಲ ಬೆಂಚೇ ಶ್ರೇಷ್ಠ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅಲ್ಲಿ ಕೂತರೆ ಟೀಚರ ಗಲ್ಲ ಕಾಣುತ್ತದೆ, ಹಿಂದಿನವರು ಯಾರೂ ಕಾಣುವುದಿಲ್ಲ. ಕಟಕಟ ಸದ್ದು ಮಾಡುವ ಫ್ಯಾನಿನ ಕೆಳಗೂ ರಸ್ತೆ ಕಡೆಯ ಕಿಟಕಿಯ ಬದಿಯಲ್ಲೂ ಕೂರಿಸಬಾರದು. ಮಿಷನ್ನಿಗೆ ಮಾತು, ಫ್ಯಾನು, ಬಸ್ಸಿನ ಹಾರ್ನು ಅಂತ ಪೂರ್ತಿ ಭೇದ ಮಾಡಲಿಕ್ಕೆ ಬರುವುದಿಲ್ಲ, ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಸ್ವರ ದೂರ ಹೋದಷ್ಟೂ ಕುಗ್ಗುತ್ತದೆ, ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ಕಡಿಮೆ. ಕೋಣೆಯ ಬೊಬ್ಬೆ ಮಾತ್ರ ಕಿವಿಯ ಬುಡದಲ್ಲೇ ಇರುತ್ತದೆ. ಒಂದೆರಡು ಮೀಟರಿನ ಆಚೆ ಹೋದರೆ ಟೀಚರ್ ಸೋಲುತ್ತಾರೆ, ಫ್ಯಾನು ಗೆಲ್ಲುತ್ತದೆ. ಬೆಂಚು ಎಳೆಯುವ ಸದ್ದಿಗೆ ಮಗಳು ಬೆಚ್ಚಿಬೀಳುವುದನ್ನು ನೋಡಿ ಅವರು ಏಳನೇ ಕ್ಲಾಸಿನ ಹುಡುಗರಿಂದ ಹಳೇ ಸೈಕಲ್ ಟ್ಯೂಬ್ ತುಂಡು ಮಾಡಿಸಿ ಬೆಂಚಿನ ಕಾಲಿಗೆಲ್ಲ ಕಟ್ಟಿಸಿದರು. ಖರ್ಚು ಏನೂ ಇಲ್ಲ.

ನಮ್ಮ ಊರಿನ ಮಳೆಯ ವಿಷಯ ನಿಮಗೆ ಹೇಳಬೇಕಾಗಿಲ್ಲ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ, ಶಾಲೆ ಶುರುವಾಗುವುದೂ ಅದು ಶುರುವಾಗುವುದೂ ಒಟ್ಟಿಗೆ. ಹಳೆ ಶಾಲೆಯ ಮೇಲ್ಮಹಡಿಗೆ ಶೀಟು ಹೊದೆಸಿದ್ದರು. ಜೋರು ಮಳೆ ಬಂದರೆ ನನಗೇ ಏನೂ ಕೇಳುತ್ತಿರಲಿಲ್ಲ, ಅವಳು ಮಿಷನ್ ಕಿತ್ತು ಡೆಸ್ಕಿನ ಮೇಲೆ ಇಡುತ್ತಿದ್ದಳು. ಹೊಸ ಶಾಲೆಯದ್ದು ಹಂಚಿನ ಮಾಡು, ಸದ್ದು ಅಷ್ಟು ಕರ್ಕಶ ಅಲ್ಲ. ಆದರೂ ಮಳೆ ಜೋರಾದರೆ ಟೀಚರ್ ಬಾಯಿ ಮುಚ್ಚಿ ಬೋರ್ಡಿನಲ್ಲಿ ಬರೆಯಲಿಕ್ಕೆ ಶುರು ಮಾಡುತ್ತಿದ್ದರು. ಪಾಠ, ಪ್ರಶ್ನೆ, ಬೈಗುಳ ಎಲ್ಲ ಬರವಣಿಗೆಯಲ್ಲಿ. ಕೆಲವು ದಿನ ಕಳೆದ ಮೇಲೆ ಹಿಂದಿನ ಬೆಂಚಿನ ಹುಡುಗರು ಹೇಳಿದರಂತೆ, ಮಳೆಗಾಲದ ಪಾಠ ತಮಗೂ ಈ ವರ್ಷವೇ ಅರ್ಥವಾದದ್ದು ಅಂತ. ಇಷ್ಟು ವರ್ಷ ಯಾರಿಗೂ ಕೇಳುತ್ತಿರಲಿಲ್ಲ, ಯಾರೂ ಹೇಳಲೂ ಇಲ್ಲ.

ಬೋರ್ಡಿನ ಮೂಲೆಯಲ್ಲಿ ಆ ದಿನದ ಹೊಸ ಶಬ್ದಗಳನ್ನು ಮೊದಲೇ ಬರೆದಿಡುತ್ತಿದ್ದರು. ನನ್ನ ಮಗಳಿಗೆ ಸ, ಶ, ಫ ಥರದ ಸಣ್ಣ ಸದ್ದುಗಳು ಸಿಗುವುದೇ ಕಷ್ಟ, ಕಣ್ಣಿನಲ್ಲಿ ಶಬ್ದ ಕಂಡಿದ್ದರೆ ಕಿವಿ ಹಿಡಿಯುತ್ತದೆ. ಆ ಕ್ಲಾಸಿನಲ್ಲಿ ಬಾಗಲಕೋಟೆ, ಕೊಪ್ಪಳದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿದ್ದರು, ಮನೆಯಲ್ಲಿ ಬ್ಯಾರಿ, ತುಳು ಆಡುವ ಮಕ್ಕಳಿದ್ದರು. ಆ ಮೂಲೆಯನ್ನು ಎಲ್ಲರೂ ನೋಡುತ್ತಿದ್ದರು. ‘ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ’ ಅಂತ ದೊಡ್ಡ ಬ್ಯಾನರ್ ಹಾಕಿದ ಶಾಲೆಗಳನ್ನು ನೋಡಿದ್ದೇನೆ. ನನ್ನ ಲೆಕ್ಕದಲ್ಲಿ ಆ ಬ್ಯಾನರಿಗಿಂತ ಬೋರ್ಡಿನ ಆ ಮೂಲೆಗೆ ತೂಕ ಹೆಚ್ಚು.

ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ವಿಶೇಷ ಶಿಕ್ಷಕರೊಬ್ಬರು ಆಗಾಗ ಬರುತ್ತಿದ್ದರು (ಬಿಐಇಆರ್‌ಟಿ ಅನ್ನುತ್ತಾರೆ, ನಿಮ್ಮ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಆಫೀಸಿನಲ್ಲಿ ವಿಚಾರಿಸಿ). ಮಿಷನ್ ಪರೀಕ್ಷಿಸಲಿಕ್ಕೆ ಸ್ಟೆತೊಸ್ಕೋಪಿನ ಹಾಗಿನ ಒಂದು ನಳಿಗೆ ಉಂಟು, ಅದರಲ್ಲಿ ಕ್ಲಾಸಿನ ಎಲ್ಲರಿಗೂ ಕೇಳಿಸಿದರು. ಒಬ್ಬ ಹುಡುಗ ಕಿವಿಗಿಟ್ಟ ಕೂಡಲೇ ಇನ್ನೊಬ್ಬ ಡೆಸ್ಕಿಗೆ ಗುದ್ದಿದ, ಇವನು ಹಾರಿಬಿದ್ದ. ಆಮೇಲೆ ಡೆಸ್ಕಿಗೆ ಗುದ್ದುವುದು ಸುಮಾರು ನಿಂತಿತು. ನಿಂತೇ ಹೋಯಿತು ಅಂದರೆ ಸುಳ್ಳಾಗುತ್ತದೆ, ಮಕ್ಕಳಲ್ಲವಾ.

ಎಲ್ಲ ಸರಕಾರಿ ಶಾಲೆಯೂ ಹೀಗೇ ಅಂತ ನಾನು ಹೇಳುವುದಿಲ್ಲ. ಆ ಟೀಚರಿಗೆ ವರ್ಗವಾಗಿ ಬೇರೆಯವರು ಬಂದರು, ಅವರೊಟ್ಟಿಗೆ ಪುನಃ ಒಂದರಿಂದ ಶುರು. ಆದರೆ ಅಷ್ಟು ಹೊತ್ತಿಗೆ ಮಗಳಿಗೆ "ಸರ್, ಈ ಕಡೆ ತಿರುಗಿ ಹೇಳಿ" ಅನ್ನಲಿಕ್ಕೆ ಬರುತ್ತಿತ್ತು. ಈಗ ಹೈಸ್ಕೂಲಿನಲ್ಲಿದ್ದಾಳೆ, ಸ್ವಲ್ಪ ಹೆಚ್ಚೇ ಅನ್ನುತ್ತಾಳೆ ಅಂತ ದೂರು.

ನಿಮ್ಮ ವಿಷಯಕ್ಕೆ ಬರುತ್ತೇನೆ. ‘ನಾನು ಕೂರಬೇಕಾ, ವಿಶೇಷ ಶಾಲೆಯಾ’ ಅಂತ ಎರಡೇ ಬಾಗಿಲು ಇಟ್ಟದ್ದು ಆ ಶಾಲೆಯವರು. ನೀವು ಅವರ ಪ್ರಶ್ನೆಯನ್ನು ತಂದು ನಮ್ಮನ್ನು ಕೇಳುತ್ತಿದ್ದೀರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಹೇಳುವುದು, ಸರಕಾರದ ಅನುದಾನವೋ ಮಾನ್ಯತೆಯೋ ಇರುವ ಶಾಲೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಅಂತ. ಹೊಂದಾಣಿಕೆ ಮಾಡಿಕೊಡಬೇಕಾದವರು ಶಾಲೆಯವರು, ಕೆಲಸ ಬಿಟ್ಟ ತಾಯಿಯಲ್ಲ. ನ್ಯೂನತೆ ಶೇಕಡಾ 40ಕ್ಕೆ ಕಡಿಮೆ ಇಲ್ಲದಿದ್ದರೆ 31ನೇ ಕಲಂ ಪ್ರಕಾರ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕುಂಟು, ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ, ಆಯ್ಕೆ ಮಗುವಿನ ಕಡೆಯದು. ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರಕಾರ ಕೊಡುವ ಗುರುತಿನ ಚೀಟಿ) ಮಾಡಿಸಿರದಿದ್ದರೆ ಮೊದಲು ಅದು ಮಾಡಿಸಿ.

ಒಂದು ಮಾತು ಮಾತ್ರ. ಮಿಷನ್ ಹಾಕಿಯೂ ನಿಮ್ಮ ಮಗನಿಗೆ ಮಾತು ಹಿಡಿಯಲಿಕ್ಕೆ ಆಗುತ್ತಿಲ್ಲ, ಅವನು ಸನ್ನೆಯಲ್ಲೇ ಯೋಚಿಸುವ ಮಗು ಅಂತಾದರೆ ನನ್ನ ಕಥೆ ನಿಮಗೆ ಹೊಂದುವುದಿಲ್ಲ. ಸನ್ನೆ ಭಾಷೆ ಬಲ್ಲ ಟೀಚರ್, ಅದನ್ನಾಡುವ ಗೆಳೆಯರು ಇರುವ ಶಾಲೆ ಅಂಥವನಿಗೆ ಶಿಕ್ಷೆಯಲ್ಲ, ಊರು. ಅದನ್ನು ತೀರ್ಮಾನಿಸಬೇಕಾದದ್ದು ಶಾಲೆಯ ಹೆಡ್ ಮಿಸ್ ಅಲ್ಲ, ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವ ಆಡಿಯಾಲಜಿಸ್ಟ್ ಜೊತೆ ಕೂತು ನೀವು. ಕಂಕನಾಡಿಯ ಫಾದರ್ ಮುಲ್ಲರ್‌ನಲ್ಲೂ ಮಣಿಪಾಲದಲ್ಲೂ ವಾಕ್ ಶ್ರವಣ ವಿಭಾಗ ಉಂಟು. ಮಿಷನ್ ಇದ್ದಾಗ ಎಷ್ಟು ಕೇಳುತ್ತದೆ, ಮಿಷನ್ ಇಲ್ಲದಾಗ ಎಷ್ಟು, ಎರಡರ ಆಡಿಯೋಗ್ರಾಂ (ಆ ಪರೀಕ್ಷೆಯ ನಕ್ಷೆ) ತೆಗೆಸಿ ಜೆರಾಕ್ಸ್ ಮಾಡಿ ಟೀಚರಿಗೆ ಒಂದು ಕೊಡಿ.

ಶಾಲೆಯವರಿಗೆ ಸಭ್ಯವಾಗಿ ಒಂದೇ ಮಾತು ಹೇಳಿ: "ತಾಯಿ ಕೂರಬೇಕು ಅನ್ನುವ ಷರತ್ತನ್ನು ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಿ." ಕೊಡಲಿಕ್ಕಿಲ್ಲ. ಕೊಟ್ಟರೆ ಬಿಇಒ ಆಫೀಸಿಗೆ ತೆಗೆದುಕೊಂಡು ಹೋಗಿ. ಕೊಡದೆ ಮುಖ ಗಂಟು ಹಾಕಿದರೆ ಆ ಶಾಲೆ ಬಿಡಿ, ಮಾರಾಯ್ರೆ. ಹಟಕ್ಕೆ ಗೆದ್ದ ಸೀಟಿನಲ್ಲಿ ಆರು ವರ್ಷದ ಮಗು ದಿನಾ ಕೂರಬೇಕಲ್ಲ.

ಹೊಸ ಶಾಲೆ ನೋಡಲಿಕ್ಕೆ ಮಳೆ ಬರುವ ದಿನವೇ ಹೋಗಿ. ಪಾಠ ನಡೆಯುತ್ತಿರುವಾಗ ವರಾಂಡದಲ್ಲಿ ನಿಂತು ಕೇಳಿ. ಮಿಷನ್ ಒಳಗೆ ಈ ಹವೆಗೆ ನೀರು ಕೂರುತ್ತದೆ, ರಾತ್ರಿ ಬ್ಯಾಟರಿ ಬಾಗಿಲು ತೆರೆದು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಸಿಳ್ಳೆ ಹೊಡೆಯುತ್ತಿದ್ದರೆ ಕಿವಿ ಬೆಳೆದು, ಮಿಷನ್ನಿನ ಕಿವಿಯೊಳಗೆ ಕೂರುವ ಅಚ್ಚು ಸಣ್ಣದಾಗಿರಬಹುದು, ಶಾಲೆ ಶುರುವಾಗುವ ಮೊದಲೇ ಹೊಸದು ಮಾಡಿಸಿ.

ಮಗನಿಗೆ ಯಾವ ಕಿವಿ ಹೆಚ್ಚು ಕೇಳುತ್ತದೆ ಅಂತ ನೀವು ಬರೆದಿಲ್ಲ. ತಿಳಿಸಿದರೆ ಯಾವ ಬದಿಯ ಬೆಂಚು ಕೇಳಬೇಕು ಅಂತ ಹೇಳುತ್ತೇನೆ.