ನರ ತುಂಡಾದರೆ ನರಕೋಶ ಸತ್ತುಹೋಗುತ್ತಾ?

ಮುಂಗೈಯ ನರ ತುಂಡಾಗಿ ಹೊಲಿಗೆ ಹಾಕಿಸಿ ಎರಡು ತಿಂಗಳಾಯಿತು, ಬೆರಳು ಇನ್ನೂ ಅಲುಗುತ್ತಿಲ್ಲ, ನರಕೋಶ ಸತ್ತೇ ಹೋಯಿತಾ ಅಂತ ಕೇಳಿದ್ದೀರಿ.

ಹೆಚ್ಚಾಗಿ ಇಲ್ಲ. ತುಂಡಾಗಿದ್ದು ಕೋಶದ ಉದ್ದನೆಯ ಎಳೆ, ಅಂದರೆ ಆಕ್ಸಾನ್. ಕೋಶದ ಒಡಲು ಇರುವುದು ಕತ್ತಿನ ಮಟ್ಟದಲ್ಲಿ, ಬೆನ್ನುಹುರಿಯ ಒಳಗೆ. ಗಾಯ ಅಲ್ಲಿಂದ ಬಹಳ ದೂರ. ನರದ ಬೇರೇ ಬೆನ್ನುಹುರಿಯಿಂದ ಕಿತ್ತು ಬಂದಿದ್ದರೆ ಮಾತು ಬೇರೆ, ಆಗ ತುಂಬ ಕೋಶಗಳು ನಿಜವಾಗಿಯೂ ಸಾಯುತ್ತವೆ.

ನಾನು ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವನು. ಎಳೆ ಕಡಿದ ನರಕೋಶದ ಸ್ಲೈಡ್ ತೋರಿಸಿದರೆ ವಿದ್ಯಾರ್ಥಿಗಳು "ಸಾರ್, ಇದು ಸಾಯ್ತಾ ಇದೆ" ಅಂತಾರೆ. ಕಾಣುವುದೂ ಹಾಗೇ. ಕೋಶ ಊದಿಕೊಂಡಿರುತ್ತದೆ, ನ್ಯೂಕ್ಲಿಯಸ್ ಅಂಚಿಗೆ ಸರಿದಿರುತ್ತದೆ, ಒಳಗಿನ ನಿಸ್ಲ್ ಕಣಗಳು (ಪ್ರೋಟೀನು ತಯಾರಿಸುವ ಜಾಗಗಳು) ಚೆದುರಿ ಬಣ್ಣ ಪೇಲವವಾಗಿರುತ್ತದೆ. ಇದಕ್ಕೆ ಕ್ರೊಮಾಟೊಲಿಸಿಸ್ ಅಂತ ಹೆಸರು. ಆದರೆ ಅದು ಸಾಯುತ್ತಿಲ್ಲ, ಕೆಲಸ ಬದಲಾಯಿಸಿದೆ. ಸ್ನಾಯುವಿಗೆ ಸಂದೇಶ ಕಳಿಸಲು ಬೇಕಾದ ಸಾಮಗ್ರಿ ಕಡಿಮೆ ಮಾಡಿ, ಎಳೆ ಕಟ್ಟುವ ಪ್ರೋಟೀನುಗಳನ್ನು ಜಾಸ್ತಿ ತಯಾರಿಸುತ್ತಿದೆ. ಬೇರೆ ನರಕೋಶಗಳಿಂದ ಸಂದೇಶ ಬರುವ ಮೈಮೇಲಿನ ಸಂಪರ್ಕಗಳಾದ ಸಿನಾಪ್ಸ್‌ಗಳನ್ನೂ ಎಷ್ಟೋ ಕಳಚಿಕೊಂಡಿರುತ್ತದೆ, ಫೋನ್ ಆಫ್ ಮಾಡಿ ಕೆಲಸಕ್ಕೆ ಕೂತವರ ಹಾಗೆ!

ಗಾಯದಿಂದ ಕೆಳಗಿನ ತುಂಡು ಮಾತ್ರ ಉಳಿಯುವುದಿಲ್ಲ. ಇದನ್ನು 1850ರಲ್ಲೇ ಆಗಸ್ಟಸ್ ವಾಲರ್ ಎಂಬ ವಿಜ್ಞಾನಿ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ತೋರಿಸಿದ್ದ. ಗಾಯದ ಕೆಳಗೆ ಎಳೆಯನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳು, ಕಸ ನುಂಗುವ ರಕ್ಷಣಾ ಕೋಶಗಳಾದ ಮ್ಯಾಕ್ರೊಫೇಜ್‌ಗಳ ಜೊತೆ ಸೇರಿ ಕಸ ತೆಗೆಯುತ್ತವೆ. ಆಮೇಲೆ ಸಾಲಾಗಿ ನಿಂತು ಹೊಸ ಎಳೆಗೆ ದಾರಿ ಮಾಡಿಕೊಡುತ್ತವೆ. ಬೆನ್ನುಹುರಿಯೊಳಗೆ ಈ ಸಹಾಯ ಇಲ್ಲ, ಅಲ್ಲಿ ಕಡಿದದ್ದು ಬೆಳೆಯದಿರಲು ಅದೂ ಒಂದು ಕಾರಣ.

ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಗಾಯದಿಂದ ಸ್ನಾಯುವಿಗೆ 15 ಸೆಂಟಿಮೀಟರ್ ಇದ್ದರೆ ಐದು ತಿಂಗಳಾಯಿತು, ಅಲ್ವಾ? ಎರಡು ತಿಂಗಳಿಗೇ ಬೆರಳು ಅಲುಗಿದ್ದರೆ ನನಗೇ ಆಶ್ಚರ್ಯವಾಗುತ್ತಿತ್ತು.

ನಿಜವಾದ ಗಡುವು ಇರುವುದು ಸ್ನಾಯುವಿಗೆ. ನರ ಇಲ್ಲದೆ ಅದು ಸೊರಗುತ್ತದೆ. ಒಂದು, ಒಂದೂವರೆ ವರ್ಷ ದಾಟಿದರೆ ಎಳೆ ಬಂದು ತಲುಪಿದರೂ ಪ್ರಯೋಜನ ಕಡಿಮೆ. ಭುಜದ ಹತ್ತಿರ ನರ ಕಡಿದವರ ಬೆರಳು ಸರಿಯಾಗುವುದು ಕಷ್ಟ ಅನ್ನುವುದು ಅದಕ್ಕೇ. ಕೆಲವು ಎಳೆಗಳು ದಾರಿ ತಪ್ಪಿ ಬೇರೆ ಸ್ನಾಯುವಿಗೂ ಹೋಗುತ್ತವೆ. ಮುಖದ ನರಕ್ಕೆ ಪೆಟ್ಟಾದ ಕೆಲವರಿಗೆ ನಕ್ಕಾಗ ಕಣ್ಣು ಮುಚ್ಚಿಕೊಳ್ಳುವುದು ಹೀಗೆ.

ಡಾಕ್ಟರು ನರದ ಮೇಲೆ ಬೆರಳಿಂದ ತಟ್ಟಿ ಜುಮ್ಮೆನ್ನುವ ಜಾಗ ಹುಡುಕುತ್ತಾರೆ. ಆ ಜಾಗ ತಿಂಗಳಿಂದ ತಿಂಗಳಿಗೆ ಕೆಳಕ್ಕೆ ಇಳಿಯುತ್ತಿದ್ದರೆ ಎಳೆ ಬೆಳೆಯುತ್ತಿದೆ ಅಂತ. ಆದರೆ ಅದು ತಿಳಿಸುವುದು ಸ್ಪರ್ಶದ ಎಳೆಗಳ ಸುದ್ದಿ. ಸ್ನಾಯುವಿನ ಸುದ್ದಿ ಬೇಕಿದ್ದರೆ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಯಾವಾಗ ಮಾಡಿಸಬೇಕು ಅಂತ ಅವರನ್ನೇ ಕೇಳಿ.